ಹೆಸರು ಬಿಟ್ಟೆ, ವಿಳಾಸ ಹಿಡಿದೆ: ಬೀದರ್‌ನ ಕೊಳಾರದಲ್ಲಿ ಕೂತು ಸ್ಯಾಂಕ್ಷನ್ (ನಿರ್ಬಂಧ) ಪಟ್ಟಿ ನೋಡಿದ ನನ್ನ ಅನುಭವ

"ಬೀದರ್‌ನಲ್ಲಿ ಕೂತು ಅಮೆರಿಕದ ಪಟ್ಟಿ ಓದ್ತಾನಂತೆ" ಅಂತ ಫ್ಯಾಕ್ಟರಿಯಲ್ಲಿ ಬಹಳ ದಿನ ನಕ್ಕಿದ್ದಾರೆ. ಈಗ ನಗು ನಿಂತಿದೆ. ಅದಕ್ಕೇ ಬರೆಯುತ್ತಿದ್ದೇನೆ. ಕೊಳಾರ, ಕಡೇಚೂರು ಕಡೆಯ ಸಣ್ಣ ಬಲ್ಕ್ ಡ್ರಗ್ (ಮಾತ್ರೆಗೆ ಹಾಕುವ ಮೂಲ ಔಷಧಿ) ಯೂನಿಟ್‌ಗಳಲ್ಲಿ ಎಕ್ಸ್‌ಪೋರ್ಟ್ ಕಾಗದ ನೋಡುವವರಿಗೆ ಇದು. ಬ್ಯಾಂಕಿನಿಂದ ಬ್ಯಾಂಕಿಗೆ ರೊಕ್ಕ ಕಳಿಸುವ ಟಿಟಿ, ಮಾಲು ಬಂದಾಗ ಸುದ್ದಿ ತಲುಪಬೇಕಾದ ನೋಟಿಫೈ ಪಾರ್ಟಿ, ಅಮೆರಿಕದ ಖಜಾನೆ ಇಲಾಖೆಯ ಓಫ್ಯಾಕ್ ವಿಭಾಗ ಇಡುವ ಎಸ್‌ಡಿಎನ್ ಅನ್ನುವ ನಿರ್ಬಂಧ ಪಟ್ಟಿ, ಇವನ್ನೆಲ್ಲ ಇದಕ್ಕಿಂತ ಬಿಡಿಸಿ ಹೇಳುವುದಿಲ್ಲ, ನಿಮಗೆ ಗೊತ್ತಿರುವುದೇ.

ಶುರುವಾಗಿದ್ದು ನಮ್ಮದೇ ರೊಕ್ಕ ಸಿಕ್ಕಿಹಾಕಿಕೊಂಡಾಗ. ಚೀನಾದಿಂದ ಕಚ್ಚಾ ಮಾಲು ತರಿಸುತ್ತೇವೆ, 30 ಪರ್ಸೆಂಟ್ ಅಡ್ವಾನ್ಸ್. ಸುಮಾರು ಹದಿನೆಂಟು ಸಾವಿರ ಡಾಲರ್ ಹೋಗಿದ್ದು ಹೋಯಿತು, ಸಪ್ಲೈಯರ್‌ಗೂ ಸೇರಲಿಲ್ಲ, ನಮಗೂ ವಾಪಸ್ ಬರಲಿಲ್ಲ. ನಡುವಿನ ಬ್ಯಾಂಕ್ ತಡೆಹಿಡಿದಿತ್ತು. ಸಪ್ಲೈಯರ್ ಹೆಸರು ಪಟ್ಟಿಯಲ್ಲಿದ್ದ ಇನ್ನೊಂದು ಕಂಪನಿ ಹೆಸರಿನ ಹಾಗೇ ಇತ್ತಂತೆ. ಒಂದೂವರೆ ತಿಂಗಳ ಮೇಲೆ ಬಿಟ್ಟರು. ಅಷ್ಟರಲ್ಲಿ ರಿಯಾಕ್ಟರ್ ಖಾಲಿ, ಸಿಸಿ (ಬ್ಯಾಂಕ್ ಸಾಲದ) ಖಾತೆಗೆ ಬಡ್ಡಿ ಬೇರೆ. ಎಲ್ಲಾ ಸೇರಿ ಮೂರು ಲಕ್ಷದ ಹತ್ತಿರ ಪೆಟ್ಟು ಬಿತ್ತು ಅಂತ ನೆನಪು. ಅಮೆರಿಕದ ನಿರ್ಬಂಧ ನಮ್ಮ ದೇಶದ ಕಾನೂನಲ್ಲ, ನಾವ್ಯಾಕೆ ತಲೆ ಕೆಡಿಸಿಕೊಳ್ಳಬೇಕು ಅನ್ನುವುದು ನಮ್ಮ ಎಂಡಿ ಸಾಹೇಬರ ವಾದ. ಮಾತು ಸರಿಯೇ. ಆದರೆ ಡಾಲರ್ ನ್ಯೂಯಾರ್ಕ್ ಬ್ಯಾಂಕ್ ಹಾದು ತಾನೇ ಬರಬೇಕು? ಅಲ್ಲಿ ನಿಂತರೆ ನಿಂತೇ ಹೋಯಿತು, ಯಾವ ಕೋರ್ಟಿಗೆ ಹೋಗುತ್ತೀರಿ?

ಇದರ ಹಿಂದೆ ಫೆಂಟನಿಲ್ ಅನ್ನುವ ಮಾದಕ ವಸ್ತು ಇದೆ. 2021ರ ಡಿಸೆಂಬರ್‌ನಲ್ಲಿ ಅಮೆರಿಕ ಕಾರ್ಯಾದೇಶ 14059 ಹೊರಡಿಸಿತು. ಅಲ್ಲಿಂದ ಮಾದಕ ವಸ್ತು ಮಾರುವವನಷ್ಟೇ ಅಲ್ಲ, ಅದಕ್ಕೆ ಕೆಮಿಕಲ್ ಕೊಟ್ಟವನು, ದುಡ್ಡು ಸಾಗಿಸಿದವನು ಕೂಡ ಸಲೀಸಾಗಿ ಪಟ್ಟಿ ಸೇರತೊಡಗಿದ. 2023ರ ಅಕ್ಟೋಬರ್‌ನಲ್ಲಿ ಒಂದೇ ದಿನ 28 ಹೆಸರು, ಹೆಚ್ಚಿನವು ಚೀನಾದ ಕೆಮಿಕಲ್ ಜಾಲದವು. ಅದನ್ನು ಓದುವಾಗಲೂ ಇದರಿಂದ ನಮಗೇನಾಗಬೇಕು ಅನ್ನಿಸಿತ್ತು. 2025ರ ಜನವರಿಯಲ್ಲಿ ಗುಜರಾತಿನ ಎರಡು ಕಂಪನಿಗಳ ಮೇಲೆ ಅಮೆರಿಕದಲ್ಲಿ ಆರೋಪಪಟ್ಟಿ ಬಂತು, ಮಾರ್ಚ್‌ನಲ್ಲಿ ಹೈದರಾಬಾದ್‌ನ ಒಂದು ಕಂಪನಿಯ ಮೇಲೆ. ಹೈದರಾಬಾದ್ ಅಂದರೆ ನಮಗೆ ಮೂರು ತಾಸಿನ ದಾರಿ, ನಮ್ಮ ಅರ್ಧ ಯೂನಿಟ್‌ಗಳ ಹೆಡ್ ಆಫೀಸೇ ಅಲ್ಲಿದೆ. ಸೆಪ್ಟೆಂಬರ್‌ನಲ್ಲಿ ಇಬ್ಬರು ಭಾರತೀಯರು ಸೀದಾ ನಿರ್ಬಂಧ ಪಟ್ಟಿಗೇ ಹೋದರು, ನಕಲಿ ಮಾತ್ರೆ ಕೇಸಿನಲ್ಲಿ. ಆರೋಪ ಸಾಬೀತಾಗುವುದು ಬಿಡುವುದು ಬೇರೆ ಮಾತು. ಬ್ಯಾಂಕಿನವರು ಅಲ್ಲಿಯವರೆಗೆ ಕಾಯುವುದಿಲ್ಲ.

ಮೊದಲು ಪಾರ್ಟಿಗಳನ್ನು ಈ ಪಟ್ಟಿಯ ಜೊತೆ ತಾಳೆ ನೋಡುವ ಸಾಫ್ಟ್‌ವೇರ್ ಕೇಳಿದೆ. ಡೆಮೋ ಚೆನ್ನಾಗಿತ್ತು, ರೇಟು ವರ್ಷಕ್ಕೆ ನಾಲ್ಕರಿಂದ ಐದು ಲಕ್ಷ. ಸಾಹೇಬರು "ಇಷ್ಟು ರೊಕ್ಕಕ್ಕೆ ಒಂದು ಸೆಕೆಂಡ್ ಹ್ಯಾಂಡ್ ಸೆಂಟ್ರಿಫ್ಯೂಜ್ ಬರ್ತದಪಾ" ಅಂದರು. ಮಾತು ಮುಗಿಯಿತು. ಪಟ್ಟಿ ಹೇಗೂ ಪುಕ್ಕಟೆ, ನಾನೇ ಮಾಡಿಕೊಂಡೆ.

ಮೊದಲ ಸಲ ಸುಮ್ನೆ ಎಕ್ಸೆಲ್‌ನಲ್ಲಿ ಹೆಸರಿಗೆ ಹೆಸರು ತಾಳೆ ನೋಡುವ ಶೀಟು. ಏನೂ ಸಿಗಲಿಲ್ಲ, ಎಲ್ಲರೂ ಕ್ಲೀನ್. ಒಂದು ಚುಕ್ಕೆ, ಒಂದು ಸ್ಪೇಸ್ ಆಚೀಚೆ ಆದರೂ ಅದಕ್ಕೆ ಬೇರೆ ಕಂಪನಿ. ಒಬ್ಬ ಗುಲ್ಬರ್ಗಾ ಅಂತ, ಇನ್ನೊಬ್ಬ ಕಲಬುರಗಿ ಅಂತ ಬರೆದರೆ ಕಂಪ್ಯೂಟರ್‌ಗೆ ಎರಡು ಊರಾಗುವ ಹಾಗೆ. ಆಮೇಲೆ ಪೈಥಾನ್ ಪ್ರೋಗ್ರಾಂನಲ್ಲಿ ಎರಡು ಹೆಸರು ನೂರಕ್ಕೆ ಎಷ್ಟು ಹೋಲುತ್ತವೆ ಅಂತ ಸ್ಕೋರ್ ಹಾಕಿ ನೋಡಿದೆ. 80ಕ್ಕಿಂತ ಮೇಲೆ ಬಂದರೆ ಕೆಂಪು. ಆಗ ಎಲ್ಲವೂ ಕೆಂಪು! ಇಂಟರ್‌ನ್ಯಾಷನಲ್, ಟ್ರೇಡಿಂಗ್, ಬಯೋಟೆಕ್, ಶಾಂಘೈ, ಹೆಬೈ ಇವೇ ಶಬ್ದ ಎಲ್ಲರ ಹೆಸರಿನಲ್ಲೂ. ನಮ್ಮ ಹತ್ತು ವರ್ಷದ ಹಳೇ ಪಾರ್ಟಿ ಕೂಡ ಕೆಂಪಾಗಿ ಕೂತ. 90ಕ್ಕೆ ಏರಿಸಿದೆ, ಆಗ ಬೇಕಂತಲೇ ಹಾಕಿದ್ದ ಪರೀಕ್ಷೆಯ ಹೆಸರುಗಳೂ ತಪ್ಪಿಸಿಕೊಂಡವು. ಓಫ್ಯಾಕ್‌ನ ಸ್ವಂತ ಸರ್ಚ್ ಪುಟದಲ್ಲೂ ಇದೇ ಗೋಳು. ಹತ್ತಿರದ ಹೋಲಿಕೆ ಹುಡುಕುವುದು ಹೆಸರಿನ ಖಾನೆಗೆ ಮಾತ್ರ, ವಿಳಾಸಕ್ಕೆ ಇಲ್ಲ. ಸಾಮಾನ್ಯ ಶಬ್ದಗಳನ್ನು ತೆಗೆದುಹಾಕಿ ಉಳಿದದ್ದನ್ನು ಮಾತ್ರ ಹೋಲಿಸಿದರೆ ಸ್ವಲ್ಪ ಹತೋಟಿಗೆ ಬರುತ್ತದೆ. ತೆಗೆಯುವ ಶಬ್ದಗಳ ನನ್ನ ಪಟ್ಟಿ ಮುನ್ನೂರರ ಆಸುಪಾಸು ಇದೆ, ಅದನ್ನು ಕೊಡಲ್ಲ, ನೀವೇ ಮಾಡಿಕೊಳ್ಳಿ.

ಅಕೌಂಟ್ಸ್‌ನ ಹುಡುಗ ಒಬ್ಬ ಹೇಳಿದ, "ಅಣ್ಣಾ, ಜಿಎಸ್‌ಟಿ ನಂಬರ್ ಇದ್ದಂಗ ಅವರಿಗೂ ಒಂದು ಇರಬೇಕಲ್ಲ" ಅಂತ. ಇತ್ತು! ಚೀನಾದ ಪ್ರತಿ ಕಂಪನಿಗೆ 18 ಅಕ್ಷರ-ಅಂಕೆಯ ಒಂದು ಸರ್ಕಾರಿ ಕೋಡ್, ಮೆಕ್ಸಿಕೋ ಕಂಪನಿಗೆ ಆರ್‌ಎಫ್‌ಸಿ ಅಂತ 12ರ ತೆರಿಗೆ ನಂಬರ್. ಪಟ್ಟಿಯಲ್ಲಿ ಬಹಳಷ್ಟು ನಮೂದುಗಳ ಜೊತೆ ಇವೂ ಇರುತ್ತವೆ, ಕೆಲವಕ್ಕೆ ಫೋನ್, ಇಮೇಲ್, ವೆಬ್‌ಸೈಟ್ ಕೂಡ. ಹೆಸರಿನ ಸ್ಪೆಲಿಂಗ್ ಬದಲಿಸುವುದು ಒಂದು ನಿಮಿಷದ ಕೆಲಸ. ನಂಬರ್, ಗೋಡೌನು, ಓಣಿ ಬದಲಿಸಲು ರೊಕ್ಕ ಬೇಕು, ಟೈಮ್ ಬೇಕು. ಆವತ್ತಿನಿಂದ ಹೆಸರನ್ನು ಕೊನೇ ಕಾಲಂಗೆ ತಳ್ಳಿದೆ. ಈಗ ಕೊಟೇಶನ್ ಕೊಡುವ ಮೊದಲೇ ಬಿಸಿನೆಸ್ ಲೈಸೆನ್ಸ್ ಪ್ರತಿ ಕೇಳುತ್ತೇವೆ, ಮೂಲ ಲಿಪಿಯಲ್ಲೇ. ಸಾಚಾ ಪಾರ್ಟಿ ಅರ್ಧ ದಿನದಲ್ಲಿ ಕಳಿಸುತ್ತಾನೆ. ಕಳಿಸದೆ ರೇಟ್ ಜಾಸ್ತಿ ಮಾಡುತ್ತೇನೆ ಅನ್ನುವವನ ಮೇಲೆ ಕಣ್ಣಿಡಿ.

ಅಂಥವನೇ ಒಬ್ಬ ಬಂದ. ದುಬೈ ಟ್ರೇಡರ್. ಪೈಪೆರಿಡಿನ್ ಸಾಲಿನ ಒಂದು ಇಂಟರ್‌ಮೀಡಿಯೆಟ್ (ಔಷಧಿಯ ನಡು ಹಂತದ ಕೆಮಿಕಲ್) ಬೇಕಂತೆ, ನಾವು ಅಲರ್ಜಿ ಔಷಧಿ ಮಾಡುವವರಿಗೆ ಕೊಡುವ ಮಾಲು. ಇನ್ನೂರು ಕಿಲೋ, 25 ಕಿಲೋದ ಎಂಟು ಡ್ರಮ್. ನಮ್ಮ ರೇಟಿನ ಮೇಲೆ ಇಪ್ಪತ್ತು ಪರ್ಸೆಂಟ್ ಜಾಸ್ತಿ, ಪೂರ್ತಿ ಅಡ್ವಾನ್ಸ್. ಹದಿನೈದು ಲಕ್ಷದ ಮೇಲಿನ ಆರ್ಡರ್, ಅದೂ ಮಾರ್ಚ್ ತಿಂಗಳಲ್ಲಿ. ಸಾಹೇಬರ ಮುಖ ನೋಡಬೇಕಿತ್ತು. ಕನ್ಸೈನಿ, ಅಂದರೆ ಮಾಲು ತಗೊಳ್ಳುವವ, ಗ್ವಾಟೆಮಾಲಾದವ. ಹೆಸರು ಹಾಕಿದೆ, ಕ್ಲೀನ್. ದುಬೈಯವನೂ ಕ್ಲೀನ್. ನೋಟಿಫೈ ಪಾರ್ಟಿಯ ಫೋನ್ ಮಾತ್ರ ಗ್ವಾಟೆಮಾಲಾದ್ದಲ್ಲ, +52 ಆಮೇಲೆ 667. ಅದು ಮೆಕ್ಸಿಕೋದ ಸಿನಾಲೋವಾ ರಾಜ್ಯದ ಕುಲಿಯಕಾನ್ ಊರಿನ ಕೋಡ್. ಪಟ್ಟಿಯ ಮಾದಕ ವಸ್ತು ಭಾಗ ಓದಿದವರಿಗೆ ಆ ಊರು ಬಾಯಿಪಾಠ. ಸುಮಿಲ್ಯಾಬ್ ಅನ್ನುವ ಕೆಮಿಕಲ್ ಮತ್ತು ಲ್ಯಾಬ್ ಸಾಮಾನಿನ ಕಂಪನಿ ಅಲ್ಲಿನದೇ, 2023ರ ಮೇನಲ್ಲಿ ಪಟ್ಟಿ ಸೇರಿತು. 2025ರ ಅಕ್ಟೋಬರ್‌ನಲ್ಲಿ ಅದರ ಸುತ್ತಲಿನ ಜನರನ್ನೂ ಕಂಪನಿಗಳನ್ನೂ ಸೇರಿಸಿದರು.

ನೋಟಿಫೈ ಪಾರ್ಟಿಯ ಆರ್‌ಎಫ್‌ಸಿ ಕೊಡಿ ಅಂತ ದುಬೈಯವನಿಗೆ ಅಂದೆ. ಕೊಡಲಿಲ್ಲ. ಬದಲಿಗೆ ಒಂದು ಹಳೇ ಇನ್‌ವಾಯ್ಸ್ ಸ್ಕ್ಯಾನ್ ಮಾಡಿ ಕಳಿಸಿದ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ರಸ್ತೆ, ಮನೆ ನಂಬರ್, ಬಡಾವಣೆ. ನನ್ನ ವಿಳಾಸದ ಶೀಟಿಗೆ ಹಾಕಿದೆ, 96 ಬಂತು. ಪಟ್ಟಿಯಲ್ಲಿದ್ದ ಬೇರೊಂದು ಕಂಪನಿಯ ವಿಳಾಸ, ಅಂಗಡಿ ನಂಬರ್ ಒಂದೇ ವ್ಯತ್ಯಾಸ. ಅದೇ ಮೇಲ್‌ನಲ್ಲಿ ಇನ್ನೊಂದು ಸಾಲು ಇತ್ತು: ಡ್ರಮ್ ಮೇಲೆ ಕೆಮಿಕಲ್ ಹೆಸರು ಬೇಡ, ಪ್ಲಾಸ್ಟಿಕ್ ಅಡಿಟಿವ್ ಅಂತ ಲೇಬಲ್ ಹಚ್ಚಿ. ಗುಜರಾತ್ ಕೇಸಿನ ಆರೋಪದಲ್ಲೂ ವಿಟಮಿನ್ ಸಿ ಅಂತ ಸುಳ್ಳು ಲೇಬಲ್ ಹಚ್ಚಿದ ಮಾತಿದೆ.

"ಪಾರ್ಟಿ ಪೂರ್ತಿ ಅಡ್ವಾನ್ಸ್ ಕೊಡ್ತೀನಂತಾನ, ನೀ ಓಣಿ ನಂಬರ್ ನೋಡಕೋತ ಕೂತಿಯಲ್ಲೋ" ಅಂತ ಸಾಹೇಬರು ಎರಡು ದಿನ ಕೂಗಾಡಿದರು. ಮಾರ್ಕೆಟಿಂಗ್‌ನವರು ನನ್ನ ಜೊತೆ ಚಹಾ ಕುಡಿಯುವುದನ್ನೇ ಬಿಟ್ಟರು. ಕೊನೆಗೆ ಲೇಬಲ್ ವಿಷಯ ತೋರಿಸಿದ ಮೇಲೆ ಸಾಹೇಬರೇ ಬೇಡ ಅಂದರು. ಗ್ವಾಲಿಯರ್‌ನ ನಾರ್ಕೋಟಿಕ್ಸ್ ಕಮಿಷನರ್ ಆಫೀಸಿಗೆ, ನಮ್ಮ ಬ್ಯಾಂಕಿಗೆ ಎಲ್ಲಾ ಕಾಗದ ಸಮೇತ ಮೇಲ್ ಹಾಕಿದೆವು. ಕೆಲವು ತಿಂಗಳ ಮೇಲೆ ಪಟ್ಟಿಯ ಹೊಸ ಕಂತಿನಲ್ಲಿ ಆ ನೋಟಿಫೈ ಪಾರ್ಟಿಯ ಹೆಸರೇ ಬಂತು. ಪ್ರಿಂಟ್ ತೆಗೆದು ಮಾರ್ಕೆಟಿಂಗ್ ಟೇಬಲ್ ಮೇಲೆ ಇಟ್ಟು ಬಂದೆ, ಬಾಯಿ ಬಿಡಲಿಲ್ಲ. ಇಷ್ಟು ಜಂಬ ನನಗೆ ಇರಲಿ ಬಿಡಿ.

ನಡುವೆ ಕೆಲವು ಪ್ರಯೋಗ ಮಾಡಿದೆ. ಪಟ್ಟಿಯಲ್ಲಿ ಕ್ರಿಪ್ಟೋ ವಾಲೆಟ್ ವಿಳಾಸಗಳೂ ಇರುತ್ತವೆ, ಅದಕ್ಕೂ ಒಂದು ಶೀಟು ಮಾಡಿದೆ. ನಮ್ಮಂಥ ಯೂನಿಟ್‌ಗೆ ಅದು ವ್ಯರ್ಥ, ನಮಗೆ ಯಾರು ಬಿಟ್‌ಕಾಯಿನ್‌ನಲ್ಲಿ ಕೊಡುತ್ತಾರೆ! ಮ್ಯಾಪ್‌ನಲ್ಲಿ ವಿಳಾಸ ಹಾಕಿ ಫೋಟೋ ನೋಡುವುದು ಮಾತ್ರ ಬಹಳ ಕೆಲಸಕ್ಕೆ ಬಂತು. ತಿಂಗಳಿಗೆ ಟನ್‌ಗಟ್ಟಲೆ ಮಾಲು ಬೇಕೆಂದ ಒಬ್ಬನ ವಿಳಾಸದಲ್ಲಿ ಹೇರ್ ಕಟಿಂಗ್ ಅಂಗಡಿ ಇತ್ತು.

ಕಸ್ಟಮ್ಸ್‌ನವರು ಮಾಲು ಗುರುತಿಸುವ ಎಚ್‌ಎಸ್ ಕೋಡ್ ಮೇಲೂ ಒಂದು ಪ್ರಯೋಗ. ಫೆಂಟನಿಲ್‌ನ ಮುಖ್ಯ ಕಚ್ಚಾ ಮಾಲುಗಳಾದ ಎಎನ್‌ಪಿಪಿ, ಎನ್‌ಪಿಪಿಗೆ 2022ರಿಂದ ಬೇರೆ ಕೋಡ್ ಬಂದಿದೆ, 2933.36 ಮತ್ತು 2933.37. ಆದರೆ ಉಳಿದ ಎಷ್ಟೋ ಮಾಲು 2933.39 ಅನ್ನುವ "ಇತರೆ" ಡಬ್ಬಿಯಲ್ಲೇ ಹೋಗುತ್ತದೆ, ನಮ್ಮದೂ ಅಲ್ಲೇ. 2017ರಲ್ಲಿ ವಿಶ್ವಸಂಸ್ಥೆ ಎಎನ್‌ಪಿಪಿ, ಎನ್‌ಪಿಪಿ ಎರಡನ್ನೂ ಹತೋಟಿಗೆ ತಂದ ಮೇಲೆ ಕಳ್ಳರು ಒಂದು ಹಂತ ಹಿಂದಿನ ಕೆಮಿಕಲ್‌ಗೆ ಹೋದರು, 2022ರಲ್ಲಿ ಇನ್ನು ಮೂರು ಸೇರಿಸಿದರು, 2024ರಲ್ಲಿ 4-ಪೈಪೆರಿಡೋನ್ ಮತ್ತು ಅದರ ಬಾಕ್ ರೂಪ. ಹಾಗಾಗಿ ಕೋಡ್ ನಂಬಿ ಕೂರಬೇಡಿ, ಒಂದೊಂದು ಕೆಮಿಕಲ್‌ಗೂ ಬೇರೆ ಬೇರೆ ಇರುವ ಸಿಎಎಸ್ ನಂಬರ್‌ನಿಂದ ನೋಡಿ. ನಮ್ಮ ದೇಶದ 2013ರ ಆರ್‌ಸಿಎಸ್ (ನಿಯಂತ್ರಿತ ವಸ್ತುಗಳ) ಆದೇಶದ ಶೆಡ್ಯೂಲ್ ಬಿ ಯಲ್ಲಿ ಇದ್ದರೆ ಗ್ವಾಲಿಯರ್‌ನ ಎನ್‌ಒಸಿ ಇಲ್ಲದೆ ಡ್ರಮ್ ಗೇಟ್ ದಾಟಬಾರದು, ಅದು ಬೇರೆ ಕೆಲಸ, ಸ್ಯಾಂಕ್ಷನ್ ಚೆಕ್ ಜೊತೆ ಕಲಸಬೇಡಿ.

ರೊಕ್ಕ ಯಾವ ಬ್ಯಾಂಕಿನಿಂದ ಬರುತ್ತದೆ ಅನ್ನುವುದಕ್ಕೂ ಈಗ ಕಾಲಂ ಇದೆ. 2025ರ ಜೂನ್‌ನಲ್ಲಿ ಅಮೆರಿಕದಲ್ಲಿ ಕಳ್ಳ ಹಣದ ಮೇಲೆ ಕಣ್ಣಿಡುವ ಫಿನ್‌ಸೆನ್, ಫೆಂಟನಿಲ್ ದುಡ್ಡಿನ ಆರೋಪದ ಮೇಲೆ ಮೆಕ್ಸಿಕೋದ ಸಿಐಬ್ಯಾಂಕೋ, ಇಂಟರ್‌ಕ್ಯಾಮ್, ವೆಕ್ಟರ್ ಅನ್ನುವ ಮೂರು ಹಣಕಾಸು ಸಂಸ್ಥೆಗಳ ಜೊತೆ ಹಣ ವರ್ಗಾವಣೆ ಬಂದ್ ಮಾಡಲು ಆದೇಶ ಕೊಟ್ಟಿತು. ಇವು ಎಸ್‌ಡಿಎನ್ ಪಟ್ಟಿಯಲ್ಲಿ ಬರಲಿಲ್ಲ, ಬೇರೆ ಕಾನೂನಿನಡಿ ಬಂದವು. ಬರೀ ಎಸ್‌ಡಿಎನ್ ನೋಡುತ್ತಾ ಕೂತವರಿಗೆ ಇದು ಗೊತ್ತೇ ಆಗಲಿಲ್ಲ. ಇದರ ಜೊತೆ ಇನ್ನೊಂದು ಕಾಲಂ ಇದೆ, ಅದೇ ಜಾಸ್ತಿ ಹಿಡಿಯುವುದು, ಅದನ್ನು ಮಾತ್ರ ಹೇಳಲ್ಲ.

ಖರ್ಚು ಅಂದರೆ ಹಳೇ ಕಂಪ್ಯೂಟರ್‌ಗೆ ರ‍್ಯಾಮ್ ಹಾಕಿಸಿದ್ದು ನಾಲ್ಕು ಸಾವಿರ ಚಿಲ್ಲರೆ, ಸ್ಪ್ಯಾನಿಷ್ ಕಾಗದ ಓದಿಸಲು ಅಲ್ಲಿ ಇಲ್ಲಿ ಕೊಟ್ಟಿದ್ದು ಆರೇಳು ಸಾವಿರ. ಪಟ್ಟಿಯನ್ನು ಪ್ರತಿ ಬೆಳಿಗ್ಗೆ ಹೊಸದಾಗಿ ಇಳಿಸಿಕೊಳ್ಳುತ್ತೇನೆ, ಯಾಕೆಂದರೆ ಅದು ಬದಲಾಗುವುದಕ್ಕೆ ವಾರ, ತಾರೀಕು ಅಂತ ಇಲ್ಲ. ಹಳೇ ಪಾರ್ಟಿಗಳನ್ನೂ ಮತ್ತೆ ತಾಳೆ ನೋಡುತ್ತೇನೆ, ಹೊಸಬರನ್ನು ಮಾತ್ರ ಅಲ್ಲ.

ಇನ್ನೂ ಬಗೆಹರಿಯದ್ದು ಓಫ್ಯಾಕ್‌ನ 50 ಪರ್ಸೆಂಟ್ ನಿಯಮ. ಪಟ್ಟಿಯಲ್ಲಿರುವವರ ಪಾಲು ಒಟ್ಟು ಅರ್ಧ ಅಥವಾ ಜಾಸ್ತಿ ಇದ್ದರೆ ಆ ಕಂಪನಿಯ ಹೆಸರು ಎಲ್ಲೂ ಇರದಿದ್ದರೂ ಅದಕ್ಕೂ ನಿರ್ಬಂಧ. ಪಾಲುದಾರರು ಯಾರು ಅಂತ ಎಕ್ಸೆಲ್ ಹೇಳುವುದಿಲ್ಲ. ಈಗ ದೊಡ್ಡ ಆರ್ಡರ್ ಇದ್ದರೆ ಆ ದೇಶದ ಕಂಪನಿ ನೋಂದಣಿಯ ಪ್ರತಿ ದುಡ್ಡು ಕೊಟ್ಟು ತರಿಸುತ್ತಿದ್ದೇನೆ, ಒಂದಕ್ಕೆ ಎರಡರಿಂದ ಮೂರು ಸಾವಿರ ಬೀಳುತ್ತದೆ. ಸಾಹೇಬರು ಆ ಬಿಲ್ಲಿಗೆ ಈಗ ಗೊಣಗದೆ ಸಹಿ ಹಾಕುತ್ತಾರೆ. ಕಡೇಚೂರಿನವರು ಯಾರಾದರೂ ಇದನ್ನು ಕಡಿಮೆ ಖರ್ಚಿನಲ್ಲಿ ಮಾಡಿದ್ದರೆ ಹೇಳಿ, ಶಬ್ದಗಳ ಪಟ್ಟಿ ಕೊಡುವ ಬಗ್ಗೆ ಆಗ ಯೋಚನೆ ಮಾಡುತ್ತೇನೆ.