ನಿವೃತ್ತಿಗೆ ಎಷ್ಟು ಹಣ ಬೇಕು? ಲೆಕ್ಕ ಖರ್ಚಿನಿಂದ ಶುರುವಾಗಲಿ

ನಿವೃತ್ತಿಗೆ ಎಷ್ಟು ಇಡುಗಂಟು ಬೇಕೆಂದು ಕೇಳಿದರೆ ಹೆಚ್ಚಿನವರು ಒಂದು ದುಂಡು ಮೊತ್ತ ಹೇಳುತ್ತಾರೆ. ಅದು ಎಲ್ಲಿಂದ ಬಂತೆಂದರೆ ಉತ್ತರವಿರುವುದಿಲ್ಲ. ಈಗಿನ ಸಂಬಳದ ಶೇ 70 ಸಾಕು ಎಂಬ ಸೂತ್ರವೂ ಅಂಥದ್ದೇ. ಸಂಬಳದ ಅರ್ಧ ಉಳಿಸುವವರಿಗೂ ಪೂರ್ತಿ ಖರ್ಚು ಮಾಡುವವರಿಗೂ ಅದು ಒಂದೇ ಅಳತೆ ಹಿಡಿಯುತ್ತದೆ.

ಮೊದಲು ಖರ್ಚು ಬರೆಯಿರಿ

ಒಂದು ತಿಂಗಳ ಲೆಕ್ಕ ಸಾಲದು. ಬ್ಯಾಂಕ್ ಖಾತೆಯ 12 ತಿಂಗಳ ವಹಿವಾಟು ತೆಗೆದು ಕೂಡಿ. ಮನೆ ರಿಪೇರಿ, ವಾಹನ ಬದಲಾವಣೆಯಂಥ ಅಪರೂಪದ ಖರ್ಚನ್ನು ವರ್ಷಗಳಿಗೆ ಹಂಚಿ ಸೇರಿಸಿ. ಜನ ಮರೆಯುವುದು ಇದನ್ನೇ. ಆಮೇಲೆ ನಿವೃತ್ತಿಯ ಹೊತ್ತಿಗೆ ನಿಲ್ಲುವಂಥವನ್ನು ಕಳೆಯಿರಿ: ಸಾಲದ ಕಂತು, ಮಕ್ಕಳ ಶುಲ್ಕ, ಕಚೇರಿಯ ಓಡಾಟ. ಔಷಧಿ, ಆಸ್ಪತ್ರೆಯ ಬಾಬ್ತನ್ನು ಮಾತ್ರ ಈಗಿನದಕ್ಕಿಂತ ಎರಡು ಪಟ್ಟು ಹಿಡಿದರೂ ತಪ್ಪಿಲ್ಲ.

ಹಣದುಬ್ಬರ ಸೇರಿಸಿ

72ನ್ನು ಹಣದುಬ್ಬರದ ದರದಿಂದ ಭಾಗಿಸಿದರೆ ಬೆಲೆ ದುಪ್ಪಟ್ಟಾಗಲು ಹಿಡಿಯುವ ವರ್ಷಗಳು ಸಿಗುತ್ತವೆ: ಶೇ 6ಕ್ಕೆ 12 ವರ್ಷ. ಅದೇ ದರದಲ್ಲಿ ವರ್ಷಕ್ಕೆ 100 ಇರುವ ಖರ್ಚು 20 ವರ್ಷಕ್ಕೆ 320 ಆಗುತ್ತದೆ. ಶೇ 8 ಆದರೆ 466. ಹೀಗೆ ಏರಿದ ಖರ್ಚಿನಿಂದ ಪಿಂಚಣಿ, ಬಾಡಿಗೆಯಂಥ ಖಚಿತ ಆದಾಯ ಕಳೆಯಿರಿ. ಪಿಂಚಣಿ ಬೆಲೆ ಏರಿಕೆಗೆ ತಕ್ಕಂತೆ ಏರುತ್ತದೆಯೋ ಇಲ್ಲವೋ ಕೇಳಿ ತಿಳಿದುಕೊಳ್ಳಿ. ಏರದ ಪಿಂಚಣಿಯ ಬೆಲೆ ಶೇ 6ರ ಹಣದುಬ್ಬರದಲ್ಲಿ 12 ವರ್ಷಕ್ಕೆ ಅರ್ಧಕ್ಕಿಳಿಯುತ್ತದೆ. 320ರಲ್ಲಿ 120 ಪಿಂಚಣಿ ಹೋದರೆ ಉಳಿಯುವ ಕೊರತೆ 200.

ಕೊರತೆಯನ್ನು ಎಷ್ಟರಿಂದ ಗುಣಿಸಬೇಕು?

ಅಮೆರಿಕದ ಹಣಕಾಸು ಸಲಹೆಗಾರ ವಿಲಿಯಂ ಬೆಂಗೆನ್ 1994ರಲ್ಲಿ ಕೊಟ್ಟ ಲೆಕ್ಕ ಪ್ರಸಿದ್ಧ: ಮೊದಲ ವರ್ಷ ಇಡುಗಂಟಿನ ಶೇ 4 ತೆಗೆದು, ಮುಂದೆ ಆ ಮೊತ್ತವನ್ನು ಹಣದುಬ್ಬರದಷ್ಟೇ ಏರಿಸುತ್ತ ಹೋದರೆ 30 ವರ್ಷ ಸಾಗುತ್ತದೆ. ಅಂದರೆ ಕೊರತೆಯ 25 ಪಟ್ಟು. ನಮ್ಮ ಉದಾಹರಣೆಯಲ್ಲಿ 5,000. ಆದರೆ ಆ ಲೆಕ್ಕ ನಿಂತಿರುವುದು ಅಮೆರಿಕದ ಷೇರು ಮತ್ತು ಬಾಂಡ್‌ಗಳ ಇತಿಹಾಸದ ಮೇಲೆ. ಹಣವನ್ನೆಲ್ಲ ಠೇವಣಿಯಲ್ಲಿಡುವವರು ಅದನ್ನು ಹಾಗೇ ಎತ್ತಿಕೊಳ್ಳಬಾರದು. ಶೇ 8 ಬಡ್ಡಿಗೆ ಶೇ 30 ತೆರಿಗೆ ಹೋದರೆ ಕೈಗೆ ಬರುವುದು ಶೇ 5.6. ಹಣದುಬ್ಬರ ಶೇ 6 ಇದ್ದರೆ ಬಡ್ಡಿ ಬಂದರೂ ಹಣ ಕರಗುತ್ತಲೇ ಇರುತ್ತದೆ, 30 ವರ್ಷಕ್ಕೆ 30 ಪಟ್ಟೂ ಸಾಲದು. ಯಾವ ಹೂಡಿಕೆಯನ್ನೇ ಆಗಲಿ ತೆರಿಗೆ, ಹಣದುಬ್ಬರ ಎರಡನ್ನೂ ಕಳೆದೇ ತೂಗಿ ನೋಡಿ.

ಅವಧಿಯನ್ನು ದಂಪತಿಯಲ್ಲಿ ಕಿರಿಯರಿಗೆ 90 ತುಂಬುವವರೆಗೆ ಹಿಡಿಯಿರಿ. ಹಿರಿಯರ ವಯಸ್ಸಿಗೆ ಲೆಕ್ಕ ಹಾಕಿದರೆ ಕೊನೆಯ ವರ್ಷಗಳಲ್ಲಿ ಉಳಿದವರ ಕೈ ಬರಿದಾಗುತ್ತದೆ.

ತಿಂಗಳ ಉಳಿತಾಯ

ವರ್ಷಕ್ಕೆ ಶೇ 10ರಂತೆ ಬೆಳೆದರೆ ತಿಂಗಳಿಗೆ 100 ಕಟ್ಟಿದ್ದು 20 ವರ್ಷಕ್ಕೆ ಸುಮಾರು 76,000, 30 ವರ್ಷಕ್ಕೆ ಸುಮಾರು 2,26,000 ಆಗುತ್ತದೆ. ಹತ್ತು ವರ್ಷ ತಡವಾದರೆ ಅದೇ ಗುರಿಗೆ ತಿಂಗಳಿಗೆ ಮೂರು ಪಟ್ಟು ಕಟ್ಟಬೇಕು. ಸಂಬಳ ಏರಿದ ತಿಂಗಳಲ್ಲೇ ಕಂತನ್ನೂ ಏರಿಸಿ. ಮುಂದಿನ ತಿಂಗಳಿಗೆ ಬಿಟ್ಟರೆ ಖರ್ಚು ಅದನ್ನು ನುಂಗಿರುತ್ತದೆ.

ಅತಿ ಅಪಾಯದ ವರ್ಷಗಳು

ಒಳ್ಳೆಯ ಯೋಜನೆಗಳೂ ಮುಗ್ಗರಿಸುವುದು ನಿವೃತ್ತಿಯ ಆಚೀಚೆಯ ವರ್ಷಗಳಲ್ಲಿ. 100 ಇದ್ದ ಇಡುಗಂಟು ಮೊದಲ ವರ್ಷವೇ ಶೇ 30 ಕುಸಿದು, ಖರ್ಚಿಗೆ 5 ತೆಗೆದರೆ ಉಳಿಯುವುದು 65. ಮತ್ತೆ 100 ಮುಟ್ಟಲು ಅದು ಸುಮಾರು ಶೇ 54 ಏರಬೇಕು. ಏನೂ ತೆಗೆಯದಿದ್ದವರಿಗೆ ಶೇ 43 ಏರಿದರೆ ಸಾಕಿತ್ತು. ಇದೇ ಕುಸಿತ 15 ವರ್ಷದ ಮೇಲೆ ಬಂದಿದ್ದರೆ ಇಷ್ಟು ನೋಯಿಸುವುದಿಲ್ಲ. ಮುಂದೆ ತೆಗೆಯಬೇಕಾದ ವರ್ಷಗಳೇ ಕಡಿಮೆ.

ಇದಕ್ಕೆ ಉಪಾಯವೆಂದರೆ ಹಣವನ್ನು ಮೂರು ಪಾಲು ಮಾಡುವುದು. ಎರಡರಿಂದ ಮೂರು ವರ್ಷದ ಕೊರತೆಯಷ್ಟು ಬೇಕೆಂದಾಗ ಸಿಗುವ ಠೇವಣಿಯಲ್ಲಿರಲಿ. ಮುಂದಿನ ಐದು ವರ್ಷದ್ದು ಒಳ್ಳೆಯ ಗುಣಮಟ್ಟದ ಬಾಂಡ್‌ಗಳಲ್ಲಿರಲಿ. ಮಿಕ್ಕಿದ್ದು ಷೇರು ಫಂಡ್‌ಗಳಲ್ಲಿ. ಷೇರು ಏರಿದ ವರ್ಷ ಅಲ್ಲಿಂದ ತೆಗೆದು ಠೇವಣಿ ತುಂಬಿಸಿ, ಬಿದ್ದ ವರ್ಷ ಮುಟ್ಟಬೇಡಿ. ಈ ಪಾಲುಗಳನ್ನು ನಿವೃತ್ತಿಗೆ ಮೂರು ವರ್ಷ ಮೊದಲೇ ಕಟ್ಟತೊಡಗಬೇಕು. ಕೊನೆಯ ತಿಂಗಳಲ್ಲಿ ಮಾರಲು ಹೋದರೆ ಆ ದಿನದ ಮಾರುಕಟ್ಟೆ ಕೊಟ್ಟಷ್ಟೇ ಬೆಲೆ.

ಕಾಗದಪತ್ರ

ಉದ್ಯೋಗದಾತರು ಕೊಟ್ಟ ಆರೋಗ್ಯ ವಿಮೆ ಸಾಮಾನ್ಯವಾಗಿ ಕೆಲಸದೊಂದಿಗೇ ಮುಗಿಯುತ್ತದೆ. ಇಳಿವಯಸ್ಸಿನಲ್ಲಿ ಹೊಸ ಪಾಲಿಸಿ ದುಬಾರಿ; ಹಳೆಯ ಕಾಯಿಲೆಗಳಿಗೆ ಕಾಯುವ ಅವಧಿಯೂ ಇರಬಹುದು. ಹಾಗಾಗಿ ಸ್ವಂತ ಪಾಲಿಸಿಯನ್ನು ಕೆಲಸದಲ್ಲಿರುವಾಗಲೇ ಮಾಡಿಸಿ. ನಾಮಿನಿ, ಉಯಿಲು, ಖಾತೆಗಳ ಪಟ್ಟಿ ಒಂದೇ ಕಡೆ ಇರಲಿ, ಸಂಗಾತಿಗೆ ಗೊತ್ತಿರಲಿ.

ನಿವೃತ್ತಿಯಾದ ಮೇಲೆ ವರ್ಷಕ್ಕೊಮ್ಮೆ, ತೆಗೆದ ಹಣ ಉಳಿದ ಇಡುಗಂಟಿನ ಶೇಕಡ ಎಷ್ಟೆಂದು ನೋಡಿ. ಮೊದಲ ಹತ್ತು ವರ್ಷದಲ್ಲಿ ಅದು ಶೇ 5 ದಾಟಿದರೆ ಮರುವರ್ಷ ಹಣದುಬ್ಬರದ ಏರಿಕೆ ಬಿಟ್ಟು ಹಿಂದಿನ ಮೊತ್ತವನ್ನೇ ತೆಗೆಯಿರಿ. ಶೇ 6 ದಾಟಿದರೆ ಪ್ರವಾಸ, ಹೊಸ ವಾಹನದಂಥವನ್ನು ಮುಂದೂಡಿ.