ತಾರೀಖಿಲ್ಲದ ಚೂರುಗಳು: ನಮ್ಮ ಹಾಕಿ ಕ್ಲಬ್ಬಿನ ಚರಿತ್ರೆ ಬರೆದ ಅನುಭವ

ಮೊಣಕಾಲು ಕೈಕೊಟ್ಟು ನಾನು ಆಟ ಬಿಟ್ಟಿದ್ದೆ. ಕ್ಲಬ್ಬಿನ ಮೀಟಿಂಗಿನಲ್ಲಿ ಚರಿತ್ರೆ ಬರೆಸುವ ಮಾತು ಬಂದಾಗ ಎಲ್ಲರೂ ನನ್ನ ಕಡೆ ತಿರುಗಿದರು. "ನಿನಗೆ ಹೇಗೂ ಟೈಮಿದೆ, ನೀನೇ ಬರೆದುಬಿಡು" ಅಂದರು. ಸಣ್ಣ ಪುಸ್ತಕ, ಮೂರು ತಿಂಗಳು ಸಾಕು ಅಂದುಕೊಂಡೆ. ಒಂದೂವರೆ ವರ್ಷ ಹಿಡಿಯಿತು.

ಕೈಯಲ್ಲಿದ್ದದ್ದು ಸ್ಟೋರ್ ರೂಮಿನ ತುಕ್ಕು ಹಿಡಿದ ಒಂದು ಟ್ರಂಕು. ಅದರಲ್ಲಿ ಸ್ಕೋರ್ ಪುಸ್ತಕಗಳು, ಮೀಟಿಂಗಿನ ನಡಾವಳಿ, ಖರ್ಚಿನ ಲೆಕ್ಕ, ಟೀಮಿನ ಫೋಟೋಗಳು, ಪತ್ರಿಕೆಯಿಂದ ಕತ್ತರಿಸಿದ ಚೂರುಗಳು. ಪತ್ರಿಕೆ ಕತ್ತರಿಸುವವರಿಗೆಲ್ಲ ಒಂದೇ ಚಾಳಿ ನೋಡಿ. ಸುದ್ದಿಯನ್ನು ನೀಟಾಗಿ ಕತ್ತರಿಸುತ್ತಾರೆ, ಮೇಲಿದ್ದ ತಾರೀಖನ್ನು ಬಿಟ್ಟುಬಿಡುತ್ತಾರೆ. ಫೋಟೋಗಳ ಹಿಂದೆ "ಫೈನಲ್ ಗೆದ್ದಾಗ" ಅಂತ ಬರೆದಿತ್ತು. ಯಾವ ಫೈನಲ್? ಗೆದ್ದ ದಿನ, ಇದೂ ಮರೆತುಹೋಗುತ್ತೆ ಅಂತ ಯಾರಿಗೂ ಅನ್ನಿಸಿರಲಿಲ್ಲ.

ಒಂದು ತಿಂಗಳು ಸುಮ್ನೆ ಕಾಗದ ಅತ್ತಿತ್ತ ಜೋಡಿಸುತ್ತಾ ಕೂತೆ. ದಾರಿ ತೋರಿಸಿದ್ದು ಒಂದು ಸ್ಕೋರ್ ಪುಸ್ತಕ. ಅದರಲ್ಲಿ ಒಬ್ಬ ಹುಡುಗ 20ನೇ ನಿಮಿಷಕ್ಕೆ ಹೊರಗೆ ಬಂದಿದ್ದ, 31ಕ್ಕೆ ಮತ್ತೆ ಒಳಗೆ ಹೋಗಿದ್ದ. ಬರೆದವರು ತಪ್ಪು ಮಾಡಿದ್ದಾರೆ ಅಂದುಕೊಂಡೆ. ಆಮೇಲೆ ಹೊಳೆಯಿತು. ಹೊರಗೆ ಬಂದವರು ಎಷ್ಟು ಸಲ ಬೇಕಾದರೂ ಮರಳಿ ಆಡಬಹುದು ಅನ್ನುವ ನಿಯಮ ಬಂದದ್ದು 1992ರಲ್ಲಿ. ಅಂದರೆ ಈ ಮ್ಯಾಚು ಅದಕ್ಕಿಂತ ಹಿಂದಿನದಲ್ಲ!

ಅಲ್ಲಿಂದ ಆಟದ ನಿಯಮಗಳನ್ನೇ ಕ್ಯಾಲೆಂಡರ್ ಮಾಡಿಕೊಂಡೆ. ಆಟ ಶುರುವಾಗುವಾಗಲೇ ಇಬ್ಬರು ಸ್ಟಿಕ್ ತಟ್ಟಿಕೊಂಡು ಬುಲ್ಲಿ ಮಾಡಿದರು ಅಂತ ವರದಿ ಇದ್ದರೆ ಅದು ಹಳೆಯದು. 1981ರಲ್ಲಿ ಅದು ಹೋಗಿ, ಒಂದು ಟೀಮಿನವರು ಮೈದಾನದ ನಡುವಿನಿಂದ ಚೆಂಡು ಪಾಸ್ ಮಾಡಿ ಆಟ ಶುರು ಮಾಡುವ ಸೆಂಟರ್ ಪಾಸ್ ಬಂತು. ಆಫ್‌ಸೈಡ್ ಅಂದರೆ ಚೆಂಡಿಗಿಂತ ಮುಂದೆ ಹೋಗಿ ಎದುರಾಳಿ ಗೋಲಿನ ಹತ್ತಿರ ಕಾದು ನಿಲ್ಲುವ ತಪ್ಪು. ಅದರ ಜಗಳದ ಸುದ್ದಿ ಇದ್ದರೆ ಅದು 1990ರ ದಶಕದ ನಂತರದ್ದಾಗಿರುವುದು ಕಷ್ಟ. 1996ರಲ್ಲಿ ಪ್ರಯೋಗಕ್ಕೆಂದು ಆಫ್‌ಸೈಡ್ ಕೈಬಿಟ್ಟರು, 1998ರಲ್ಲಿ ಪೂರ್ತಿ ತೆಗೆದೇಬಿಟ್ಟರು. ಫ್ರೀ ಹಿಟ್ (ಎದುರಾಳಿ ತಪ್ಪು ಮಾಡಿದಾಗ ಸಿಗುವ ಹೊಡೆತ) ಸಿಕ್ಕವನೇ ಚೆಂಡು ತಳ್ಳಿಕೊಂಡು ಓಡಿದ ಅಂತಿದ್ದರೆ 2009 ಅಥವಾ ಆಮೇಲೆ. ಫೋಟೋದಲ್ಲಿ ಟರ್ಫ್, ಅಂದರೆ ಕೃತಕ ಹುಲ್ಲಿನ ಮೈದಾನ, ಕಂಡರಂತೂ ಕೆಲಸ ಹಗುರ. ಒಲಿಂಪಿಕ್ಸಿಗೇ ಟರ್ಫ್ ಕಾಲಿಟ್ಟದ್ದು 1976ರ ಮಾಂಟ್ರಿಯಲ್‌ನಲ್ಲಿ. ನಮ್ಮಂಥ ಕ್ಲಬ್ಬಿಗೆ ಅದು ಸಿಗಬೇಕಾದರೆ ಇನ್ನೆಷ್ಟು ಕಾಯಬೇಕಾಯಿತು, ಲೆಕ್ಕ ಹಾಕಿ.

ಆದರೆ ಇದನ್ನು ಕಣ್ಣು ಮುಚ್ಚಿ ನಂಬಬಾರದು. ಮೇಲೆ ಬದಲಾದ ನಿಯಮ ಸಣ್ಣ ಟೂರ್ನಮೆಂಟಿಗೆ ಇಳಿಯಲು ಹೊತ್ತು ಹಿಡಿಯುತ್ತದೆ. 2014ರಲ್ಲಿ ಅಂತಾರಾಷ್ಟ್ರೀಯ ಪಂದ್ಯಗಳಿಗೆ 15 ನಿಮಿಷದ ನಾಲ್ಕು ಕ್ವಾರ್ಟರ್ ಬಂದ ಮೇಲೂ ನಾವು 35ರ ಎರಡು ಹಾಫ್ ಆಡುತ್ತಲೇ ಇದ್ದೆವು. ಹಾಗಾಗಿ ಹೊಸ ನಿಯಮ ಕಂಡರೆ ಧೈರ್ಯವಾಗಿ "ಇದಕ್ಕಿಂತ ಹಿಂದೆ ಅಲ್ಲ" ಅನ್ನಬಹುದು. ಹಳೆಯ ನಿಯಮ ಕಂಡರೆ ಮಾತ್ರ ನಾಲ್ಕೈದು ವರ್ಷ ಸಡಿಲ ಬಿಡಬೇಕು. ನಾನು ಎರಡು ಫೋಟೋಗಳಲ್ಲಿ ಹೀಗೆ ಎಡವಿದ್ದೆ.

ಹಿರಿಯ ಆಟಗಾರರನ್ನು ಮಾತಾಡಿಸುವಾಗಲೂ ಇದೇ ಉಪಾಯ ಮಾಡಿದೆ. "ಯಾವ ವರ್ಷ ಸರ್?" ಅಂತ ಕೇಳಿದರೆ ಉತ್ತರ ಹೆಚ್ಚುಕಡಿಮೆ ತಪ್ಪೇ. "ಗೋಲಿ ಯಾರಿದ್ದರು? ಹುಲ್ಲೋ ಟರ್ಫೋ?" ಅಂತ ಕೇಳಿದರೆ ಮುಖ ಅರಳುತ್ತದೆ. ಒಬ್ಬರು ತಮ್ಮ ಮೊದಲ ಫೈನಲ್ ಗೋಲು ಹೇಳಿದರು: "ಅವರ ಗೋಲಿ ಪಕ್ಕದಲ್ಲೇ ಒಬ್ಬನೇ ನಿಂತಿದ್ದೆ ಕಣಪ್ಪಾ. ಚೆಂಡು ಬಂತು, ತಟ್ಟಿದೆ, ಅಷ್ಟೆ." ಅವರು ಹೇಳುವ ಕಾಲದಲ್ಲಿ ಆಫ್‌ಸೈಡ್ ಇತ್ತಲ್ಲ, ಅಂಪೈರು ಬಿಡುತ್ತಿರಲಿಲ್ಲ. ಸ್ಕೋರ್ ಪುಸ್ತಕ ಹುಡುಕಿದೆ. ಗೋಲು ನಿಜವೇ. ಹೊಡೆದದ್ದು ಮಾತ್ರ ಆಫ್‌ಸೈಡ್ ಹೋದ ಮೇಲೆ, ಅವರು ಆಟ ಬಿಡುವ ಹೊತ್ತಿಗೆ. ಹೇಳಿದೆ. ಎರಡು ದಿನ ಮಾತು ಬಿಟ್ಟರು.

ಸಾಧನೆಗಳ ಅಧ್ಯಾಯಕ್ಕೆ ಹೆಚ್ಚು ಜಗಳ ಆಯಿತು. ಕಪ್ಪುಗಳನ್ನು ಎಣಿಸಿ ಪಟ್ಟಿ ಹಾಕಿದರೆ ಮುಗಿಯಿತು ಅಂತ ಕಮಿಟಿಯವರ ಅಭಿಪ್ರಾಯ. ಬೀರುವಿನ ಕಪ್ಪುಗಳನ್ನು ಒರೆಸಿ ನೋಡಿದರೆ ಕೆಲವು ರನ್ನರ್ಸ್ ಅಪ್‌ನವು. ಎಲ್ಲರೂ ಹೆಮ್ಮೆಯಿಂದ ಹೇಳುತ್ತಿದ್ದ ಒಂದು ಕಪ್ಪಿನ ಫೈನಲ್ಲಿಗೆ ಎದುರು ಟೀಮು ಬಂದೇ ಇರಲಿಲ್ಲ, ವಾಕೋವರ್. ಹಾಗೇ ಬರೆದೆ. "ಇದೆಲ್ಲಾ ಬೇಕಾ?" ಅಂದರು. ಬೇಕು. ಇದನ್ನು ಮುಚ್ಚಿಟ್ಟರೆ ನಿಜವಾಗಿ ಗೆದ್ದದ್ದನ್ನೂ ಓದುವವರು ನಂಬುವುದಿಲ್ಲ, ಅಲ್ವಾ?

ಕಪ್ಪು ಬರದ ಮ್ಯಾಚುಗಳಿಗೂ ಜಾಗ ಕೇಳಿದೆ. ಧ್ಯಾನ್ ಚಂದ್ ಉದಾಹರಣೆ ಕೊಟ್ಟೆ. 1928, 1932, 1936, ಮೂರು ಒಲಿಂಪಿಕ್ ಚಿನ್ನ ಗೆದ್ದವರು. ಅವರೇ ತಮ್ಮ ಅತ್ಯುತ್ತಮ ಮ್ಯಾಚು ಅಂತ ಹೇಳಿಕೊಂಡದ್ದು 1933ರಲ್ಲಿ ಕಲ್ಕತ್ತಾದ ಬೈಟನ್ ಕಪ್ ಟೂರ್ನಮೆಂಟಿನ ಫೈನಲ್, ಅವರ ಟೀಮು ಝಾನ್ಸಿ ಹೀರೋಸ್ ಮತ್ತು ಕಲ್ಕತ್ತಾ ಕಸ್ಟಮ್ಸ್ ನಡುವಿನದ್ದು. ಕ್ಲಬ್ ಮ್ಯಾಚು! ಅವರು ಅದನ್ನು ಗೆದ್ದಿದ್ದರು, ನಿಜ. ಆದರೆ ದೊಡ್ಡ ಪದಕವೇ ದೊಡ್ಡ ಆಟ ಅಂತೇನಿಲ್ಲವಲ್ಲ. ಕಡೆಗೆ 1-2ರಲ್ಲಿ ಸೋತ ಒಂದು ಸೆಮಿಫೈನಲ್ಲಿಗೆ ಎರಡು ಪುಟ ಸಿಕ್ಕಿತು.

ನನಗೆ ತುಂಬಾ ಬೇಸರ ತಂದದ್ದು ಹುಡುಗಿಯರ ಟೀಮಿನ ವಿಷಯ. ನಡಾವಳಿಯಲ್ಲಿ ಅವರ ಹೆಸರಿಲ್ಲ, ಫೋಟೋ ಇಲ್ಲ. ಟೀಮೇ ಇರಲಿಲ್ಲ ಅಂತ ಬರೆಯಲು ಹೊರಟಿದ್ದೆ. ಲೆಕ್ಕದ ಪುಸ್ತಕ ತಿರುವುವಾಗ ಒಂದು ಸಾಲು ಸಿಕ್ಕಿತು: "ಹುಡುಗಿಯರ ಪ್ರಾಕ್ಟೀಸಿಗೆ ಚೆಂಡು, ಆರು." ಮುಂದಿನ ವರ್ಷವೂ ಚೆಂಡು, ಅದರ ಮುಂದಿನ ವರ್ಷ ಬಸ್ ಚಾರ್ಜು. ಅಂದರೆ ಹೊರಗೂ ಹೋಗಿ ಆಡಿದ್ದಾರೆ. ಆ ಕಾಲದ ಅಣ್ಣಂದಿರನ್ನು ಕೇಳಿದೆ. "ಓ, ಆಡ್ತಿದ್ರು" ಅಂದರು. ಇಷ್ಟೇ. ಇಬ್ಬರು ಅಕ್ಕಂದಿರು ಸಿಕ್ಕಿದ ಮೇಲೆ ಹನ್ನೊಂದರಲ್ಲಿ ಒಂಬತ್ತು ಹೆಸರು ಸಿಕ್ಕಿತು. ಉಳಿದ ಎರಡು ಸಾಲನ್ನು ಪುಸ್ತಕದಲ್ಲಿ ಖಾಲಿ ಬಿಟ್ಟಿದ್ದೇನೆ.

ಪುಸ್ತಕದ ಕೊನೆಗೆ "ತಪ್ಪು ಕಂಡರೆ ಬರೆದು ಕೊಡಿ" ಅಂತ ಎರಡು ಬಿಳಿ ಹಾಳೆ ಸೇರಿಸಿದ್ದೆ. ಬಿಡುಗಡೆಯಾಗಿ ವಾರಕ್ಕೇ ಮೂರು ಪ್ರತಿ ವಾಪಸ್ ಬಂದವು. ಮೂರರಲ್ಲೂ ಒಂದೇ ಮ್ಯಾಚಿನ ತಿದ್ದುಪಡಿ, ಮೂರು ಬೇರೆ ಬೇರೆ ವರ್ಷ. ಟ್ರಂಕು ಮತ್ತೆ ಕೆಳಗಿಳಿಸಿದ್ದೇನೆ.