ಮುರಿದ ಕೊಂಬು, ಹಣೆಯ ಕುಹರ: ತೊಳೆಯುವ ಕೆಲಸದಲ್ಲಿ ನನ್ನ ಅನುಭವ

ಎತ್ತಿನ ಕೊಂಬು ಬುಡದಲ್ಲಿ ಮುರಿದರೆ ರಕ್ತ ನಿಲ್ಲಿಸುವತ್ತಲೇ ಎಲ್ಲರ ಗಮನ ಹೋಗುತ್ತದೆ. ಆದರೆ ಬೆಳೆದ ದನದ ಕೊಂಬಿನ ಮೂಳೆ ಟೊಳ್ಳಾಗಿದ್ದು, ಆ ಟೊಳ್ಳು ಹಣೆಯ ಮೂಳೆಯೊಳಗಿನ ಸೈನಸ್ ಎಂಬ ಗಾಳಿ ತುಂಬಿದ ಕುಹರಕ್ಕೆ ಕೂಡಿಕೊಂಡಿರುವುದರಿಂದ, ಪಶುವೈದ್ಯನಾದ ನಾನು ತೊಳೆಯಬೇಕಾದದ್ದು ಮೇಲೆ ಕಾಣುವ ಗಾಯವನ್ನಷ್ಟೇ ಅಲ್ಲ. ನನ್ನ ಬಳಿಗೆ ಬರುವ ದನಗಳಿಗೆ ಸಾಮಾನ್ಯವಾಗಿ ಆಗಲೇ ಅರಿಶಿನ, ಸುಣ್ಣ ಮೆತ್ತಿ ನಾಲ್ಕಾರು ದಿನ ಕಳೆದಿರುತ್ತದೆ; ವಾಸನೆ ಬರುತ್ತಿರುತ್ತದೆ, ಕೆಲವೊಮ್ಮೆ ಹುಳವೂ ಬಿದ್ದಿರುತ್ತದೆ.

ಹುಳ ಬಿದ್ದ ಕಡೆ ಟರ್ಪೆಂಟೈನ್ ಎಣ್ಣೆ ಸುರಿಯುವುದು ಹಳೆಯ ರೂಢಿ. ಚರ್ಮದ ಗಾಯಕ್ಕೆ ಅದನ್ನು ನಾನೂ ಬಳಸುತ್ತೇನೆ, ಆದರೆ ಸೈನಸ್‌ನ ಒಳಪೊರೆಯನ್ನು ಅದು ಕೆರಳಿಸುವುದರಿಂದ ಅಲ್ಲಿ ಚಿಮುಟದಿಂದ ಹುಳ ಹೆಕ್ಕಿ, ಹುಳ ಕೊಲ್ಲುವ ಐವರ್‌ಮೆಕ್ಟಿನ್ ಚುಚ್ಚುಮದ್ದು ಕೊಡುತ್ತೇನೆ. ಹೈಡ್ರೋಜನ್ ಪೆರಾಕ್ಸೈಡ್ ನೊರೆಯುಕ್ಕಿಸಿ ಕೊಳೆಯನ್ನು ಮೇಲೆತ್ತುವುದು ನೋಡಲು ಚೆನ್ನಾಗಿರುತ್ತದೆ, ನಿಜ. ಆದರೆ ಅದು ಹೊಸ ಅಂಗಾಂಶವನ್ನೂ ಸುಡುತ್ತದೆ, ಮುಚ್ಚಿದ ಕುಹರದಲ್ಲಿ ಅದರ ಅನಿಲ ರಕ್ತನಾಳವನ್ನು ಸೇರುವ ಅಪಾಯವೂ ಇದೆ.

ಮೊದಲ ತೊಳೆತಕ್ಕೆ ಔಷಧವೇ ಬೇಡ. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು ಬೆರೆಸಿ, ಉಗುರುಬೆಚ್ಚಗಿರುವಾಗಲೇ ಸಿರಿಂಜಿನಿಂದ ಧಾರಾಳವಾಗಿ ಹಾಯಿಸುತ್ತೇನೆ. ಕೀವು, ರಕ್ತ ಉಳಿದಿದ್ದರೆ ಮುಂದೆ ಹಾಯಿಸುವ ಸೂಕ್ಷ್ಮಾಣುನಾಶಕ ಅಯೋಡಿನ್ ಅವುಗಳ ಮೇಲೆಯೇ ವ್ಯಯವಾಗಿ ಸೂಕ್ಷ್ಮಾಣುಗಳಿಗೆ ತಲುಪುವುದೇ ಇಲ್ಲ. ಆಮೇಲೆ 5% ಪೊವಿಡೋನ್ ಅಯೋಡಿನ್ ದ್ರಾವಣದ 10 ಮಿ.ಲೀ.ಯನ್ನು ಅದೇ ಉಪ್ಪುನೀರಿನ ಅರ್ಧ ಲೀಟರಿಗೆ ಬೆರೆಸಿದರೆ 0.1% ಆಗುತ್ತದೆ, ಬಣ್ಣ ತೆಳು ಚಹಾದಂತಿರುತ್ತದೆ. "ಇಷ್ಟು ನೀರು ಮಾಡಿದ್ರೆ ಪವರ್ ಎಲ್ಲಿರುತ್ತೆ ಸಾರ್?" ಎಂದು ರೈತರು ಕೇಳುತ್ತಾರೆ, ತೆಳುಗೊಳಿಸಿದಾಗ ಬಿಡಿ ಅಯೋಡಿನ್ ಇನ್ನೂ ಚೆನ್ನಾಗಿ ಬಿಡುಗಡೆಯಾಗುತ್ತದೆಂದು ಅವರನ್ನು ಒಪ್ಪಿಸುವುದು ತೊಳೆಯುವುದಕ್ಕಿಂತ ಕಷ್ಟ.

ಕುಹರಕ್ಕೆ ಹೋದ ನೀರು ಹೊರಬರಲು ದಾರಿ ಇರಲೇಬೇಕು. ಮೂಗುದಾರ ಹಿಡಿದವರಿಗೆ ದನದ ತಲೆ ಬಗ್ಗಿಸಲು ಹೇಳಿ ನಿಧಾನವಾಗಿ ಹಾಯಿಸಿದರೆ, ಕುಹರದಿಂದ ಮೂಗಿಗೆ ಇಳಿಯುವ ದಾರಿ ತೆರೆದಿದ್ದಲ್ಲಿ ಅದೇ ಪಕ್ಕದ ಹೊಳ್ಳೆಯಿಂದ ಕಂದು ನೀರು ಮೊದಲು ತೊಟ್ಟಿಕ್ಕಿ, ನಂತರ ಕೀವಿನ ಎಳೆಗಳ ಸಮೇತ ಇಳಿಯುತ್ತದೆ. ತಲೆ ಎತ್ತಿದ್ದರೆ ಅದು ಶ್ವಾಸನಾಳಕ್ಕೆ ಹೋಗಬಹುದು. ಏನೂ ಇಳಿಯದಿದ್ದರೆ ಒತ್ತಡ ಹೆಚ್ಚಿಸದೆ, ಹಾಯಿಸಿದ್ದನ್ನು ಸಿರಿಂಜಿನಿಂದಲೇ ಮರಳಿ ಎಳೆದುಕೊಳ್ಳುತ್ತೇನೆ. ಕೊನೆಯಲ್ಲಿ ಗಾಜ್ ಬಟ್ಟೆಯಿಂದ ಗಾಯದ ಬಾಯಿ ಮುಚ್ಚಿ, ಸುತ್ತಲ ಚರ್ಮಕ್ಕೆ ನೊಣ ಓಡಿಸುವ ಮುಲಾಮು ಹಚ್ಚುತ್ತೇನೆ. ಹೊರಬರುವ ನೀರು ತಿಳಿಯಾದ ಮೇಲೆ ತೊಳೆಯುವುದನ್ನು ನಿಲ್ಲಿಸುತ್ತೇನೆ, ಏಕೆಂದರೆ ಅದರಾಚೆಗಿನ ತೊಳೆತದಿಂದ ಕೂಡಿಕೊಳ್ಳುತ್ತಿರುವ ಗಾಯವೇ ಕದಲುತ್ತದೆ.